ಒದ್ದೆಯಾದ ಗರಿಯ ಬಣ್ಣ

ಗಾಳಕ್ಕೆ ಕಟ್ಟುವ ಗರಿಯನ್ನು ಒಣಗಿರುವಾಗ ನೋಡಿ ಕೊಳ್ಳಬಾರದು. ಈ ಮಾತನ್ನು ನನಗೆ ಹೇಳಿಕೊಟ್ಟವರು ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹಿರಿಯರು. ಉಣ್ಣೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದವರು. ಅವರ ಮೇಜಿನ ಮೇಲೆ ಯಾವಾಗಲೂ ಗಾಜಿನ ಲೋಟದಲ್ಲಿ ನೀರಿರುತ್ತಿತ್ತು. ಹೊಸ ನೂಲು, ಹೊಸ ತುಪ್ಪಳ, ಹೊಸ ಗರಿ ಏನೇ ಬರಲಿ, ಮೊದಲು ಅದರಲ್ಲಿ ಅದ್ದಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇಟ್ಟುಕೊಳ್ಳಬೇಕೋ ಬಿಡಬೇಕೋ ಎನ್ನುವುದೆಲ್ಲ ಆಮೇಲೆ. ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೆಳೆದವನು, ಈ ಊರಿಗೆ ಬಂದದ್ದೂ ನೂಲಿನ ಗುಣ ಪರೀಕ್ಷಿಸುವ ಕೆಲಸಕ್ಕೆ. ಆ ಲೋಟದ ಮಹತ್ವ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಮ್ಮ ಕಡೆ ಗಾಳ ಎಂದರೆ ತುದಿಗೆ ಎರೆಹುಳು ಇರಬೇಕು, ಇಲ್ಲವೇ ಹಿಟ್ಟಿನ ಉಂಡೆ. ಕಾವೇರಿಯ ಮಹಶೀರ್ ಮೀನಿಗೆ ರಾಗಿ ಹಿಟ್ಟು ಬೇಯಿಸಿ ಮುದ್ದೆ ಮಾಡಿ ಕಟ್ಟುವುದು ಹೆಸರುವಾಸಿ. ಫ್ಲೈ ಫಿಶಿಂಗ್‌ನಲ್ಲಿ ಮೀನಿಗೆ ತಿನ್ನಲು ಏನೂ ಸಿಗುವುದಿಲ್ಲ. ಬರಿಯ ಕೊಕ್ಕೆಗೆ ದಾರ, ಗರಿ, ತುಪ್ಪಳ, ತಂತಿ ಸುತ್ತಿ ಒಂದು ಹುಳದ ಆಕಾರ ಕೊಡುತ್ತಾರೆ. ಆ ಕೃತಕ ಹುಳಕ್ಕೇ ಫ್ಲೈ ಎಂದು ಹೆಸರು. ಟ್ರೌಟ್ ಮೀನಿಗೆ ಕಟ್ಟುವ ಬಹಳಷ್ಟು ಫ್ಲೈಗಳು ಕಿರುಬೆರಳಿನ ಉಗುರಿಗಿಂತ ದೊಡ್ಡವಲ್ಲ, ತೂಕವಂತೂ ಇಲ್ಲವೇ ಇಲ್ಲ ಅನ್ನಬಹುದು. ದೂರಕ್ಕೆ ಎಸೆಯಲು ಬೇಕಾದ ಭಾರವನ್ನೆಲ್ಲ ದಪ್ಪನೆಯ ದಾರವೇ ಹೊರುತ್ತದೆ. ಟ್ರೌಟ್ ಅದನ್ನು ನಿಜವಾದ ಹುಳವೆಂದು ನಂಬಿ ಬಾಯಿಗೆ ಹಾಕಿಕೊಳ್ಳಬೇಕು, ಮೋಸ ತಿಳಿದು ಉಗುಳುವ ಮೊದಲೇ ಕೊಕ್ಕೆ ನಾಟಬೇಕು. ಅಷ್ಟು ಹೊತ್ತು ಮೀನನ್ನು ನಂಬಿಸುವ ಕೆಲಸ ಈ ಸಾಮಗ್ರಿಗಳದ್ದು.

ಇದು ಬಹಳ ಹಳೆಯ ವಿದ್ಯೆ. ಕ್ರಿ.ಶ. 200ರ ಆಸುಪಾಸಿನಲ್ಲಿ ಈಲಿಯನ್ ಎಂಬ ರೋಮನ್ ಲೇಖಕ ಮ್ಯಾಸಿಡೋನಿಯಾದ ಆಸ್ಟ್ರೇಯಸ್ ನದಿಯ ಬೆಸ್ತರ ಬಗ್ಗೆ ಬರೆದ. ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳಿನ ಕೆಳಗೆ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಅದಕ್ಕೆ ಕಟ್ಟುತ್ತಿದ್ದರಂತೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಕುರಿತ ಪುಸ್ತಕದಲ್ಲಿ ಹನ್ನೆರಡು ಫ್ಲೈಗಳ ವಿವರವಿದೆ. ಅಲ್ಲೂ ಕಾಣುವುದು ಉಣ್ಣೆ ಮತ್ತು ಹಕ್ಕಿಗರಿಗಳೇ. ಉಣ್ಣೆ, ರೇಷ್ಮೆ, ಗರಿ ಈ ಮೂರರ ಗುಣ ಅರಿತವನು ಇವತ್ತಿಗೂ ಯಾವ ಹೊಳೆಗೆ ಬೇಕಾದರೂ ಹೋಗಿ ನಿಲ್ಲಬಹುದು.

ಮೊದಲು ನನಗೆ ಚೆನ್ನಾಗಿ ಗೊತ್ತಿರುವ ರೇಷ್ಮೆಯ ವಿಷಯ ಹೇಳುತ್ತೇನೆ.

ಯಾರ್ಕ್‌ಶೈರಿನ ವಾರ್ಫ್ ನದಿಯ ದಡದಲ್ಲಿ ಬೆಳೆದು ಬಂದ ಫ್ಲೈಗಳಿಗೆ ಸ್ಪೈಡರ್ ಎಂದು ಕರೆಯುತ್ತಾರೆ. ಮೈಗೆ ರೇಷ್ಮೆ, ಕೊರಳಿಗೆ ಒಂದು ಮೆತ್ತನೆ ಗರಿ, ಅಷ್ಟೇ. ಟಿ. ಇ. ಪ್ರಿಟ್ 1885ರಲ್ಲಿ ಇಂಥ ಯಾರ್ಕ್‌ಶೈರ್ ಫ್ಲೈಗಳನ್ನೆಲ್ಲ ಒಂದು ಪುಸ್ತಕದಲ್ಲಿ ಸೇರಿಸಿದ. ಇವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಪಾರ್ಟ್ರಿಜ್ ಆಂಡ್ ಆರೆಂಜ್. 14ನೇ ಅಳತೆಯ ಕೊಕ್ಕೆ ಸಾಕು. ಕೊಕ್ಕೆಯ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು ಎಂಬುದನ್ನು ಹೊಸಬರು ನೆನಪಿಡಬೇಕು. ಕಿತ್ತಳೆ ರೇಷ್ಮೆಯನ್ನು ತಲೆಯ ಕಡೆಯಿಂದ ಸುತ್ತುತ್ತ ಕೊಕ್ಕೆಯ ಮೊನೆಯ ನೇರಕ್ಕೆ ಹೋಗಿ, ಅಲ್ಲಿಂದ ಹಿಂದಿರುಗಬೇಕು. ಒಂದು ಸುತ್ತು ಇನ್ನೊಂದಕ್ಕೆ ತಾಗಿಕೊಂಡಿರಬೇಕು, ಒಂದರ ಮೇಲೊಂದು ಹತ್ತಬಾರದು. ಆಮೇಲೆ ಪಾರ್ಟ್ರಿಜ್ ಹಕ್ಕಿಯ, ಅಂದರೆ ನಮ್ಮ ಕೌಜುಗದ ಸೋದರಸಂಬಂಧಿಯ ಬೆನ್ನಿನ ಕಂದು ಚುಕ್ಕೆಯ ಗರಿ. ಅದರ ಬುಡದ ಪುಕ್ಕ ಸವರಿ ತೆಗೆದು, ತುದಿಯ ಕಡೆಯಿಂದ ಕಟ್ಟಿ, ಎರಡೇ ಎರಡು ಸುತ್ತು ಸುತ್ತಿ ಗಂಟು ಹಾಕಿದರೆ ಕೆಲಸ ಮುಗಿಯಿತು. ಮೂರನೆಯ ಸುತ್ತು ಹಾಕಲು ಕೈ ತುಡಿಯುತ್ತದೆ. ಹಾಕಬಾರದು. ಎಳೆಗಳು ಹೆಚ್ಚಾದರೆ ಒಂದಕ್ಕೊಂದು ಅಂಟಿಕೊಂಡು ನೀರಿನಲ್ಲಿ ಆಡುವುದಿಲ್ಲ.

ಈ ರೇಷ್ಮೆಯನ್ನು ಲೋಟಕ್ಕೆ ಇಳಿಸಿ ನೋಡಿ. ಒಣಗಿದ್ದಾಗ ಕಣ್ಣಿಗೆ ಹೊಡೆಯುವ ಕಿತ್ತಳೆ, ನೀರು ಹೀರಿದ ಕೂಡಲೇ ಕೆಂಪುಗಂದಿಗೆ ತಿರುಗುತ್ತದೆ, ಒಳಗಿನ ಕೊಕ್ಕೆಯ ಕಪ್ಪು ಮಸುಕಾಗಿ ಮೇಲಕ್ಕೆ ಕಾಣಿಸಿಕೊಳ್ಳುತ್ತದೆ. ಹೊಳೆಯ ತಳದಿಂದ ಮೇಲೇರುವ ಜಲಕೀಟದ ಮೈ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಹೊರಗೆ ತಿಳಿ, ಒಳಗೆ ಕಪ್ಪು. ಪಾಲಿಯೆಸ್ಟರ್ ದಾರ ಎಷ್ಟೇ ಗಟ್ಟಿಯಿರಲಿ, ಒದ್ದೆಯಾದರೂ ತನ್ನ ಬಣ್ಣವನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ರೇಷ್ಮೆಯ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಮುಕ್ಕೋನದಂತೆ ಕಾಣುತ್ತದೆ, ಬೆಳಕನ್ನು ಒಳಕ್ಕೆ ಬಿಟ್ಟುಕೊಂಡು ಚದುರಿಸಿ ಹೊರಗೆ ಕಳಿಸುತ್ತದೆ. ಸೀರೆಯ ಮಿಂಚಿಗೂ ಕಾರಣ ಅದೇ.

ಇನ್ನೊಂದು ಸಂಗತಿ ಹುರಿ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಇದು ಉಸಿರಾಡಿದಷ್ಟು ಸಹಜ, ಆದರೆ ಫ್ಲೈ ಕಟ್ಟುವವರಲ್ಲಿ ಹಲವರು ಗಮನ ಕೊಡುವುದಿಲ್ಲ. ದಾರದ ಹುರಿ ಬಿಚ್ಚಿ ಸುತ್ತಿದರೆ ಅದು ಪಟ್ಟಿಯಂತೆ ಚಪ್ಪಟೆಯಾಗಿ ಕೂರುತ್ತದೆ, ಮೈ ನಯವಾಗಿ ಸಣ್ಣಗಾಗುತ್ತದೆ. ಹುರಿ ಬಿಗಿ ಮಾಡಿ ಸುತ್ತಿದರೆ ಉಬ್ಬು ಗೆರೆಗಳು ಎದ್ದು, ಹುಳದ ಮೈಯ ಉಂಗುರಗಳ ಹಾಗೆ ಕಾಣುತ್ತವೆ. ಬಾಬಿನ್ನನ್ನು ಬೆರಳಿನಿಂದ ಯಾವ ಕಡೆಗೆ ತಿರುಗಿಸುತ್ತೀರಿ ಎಂಬುದರಲ್ಲಿ ಎಲ್ಲವೂ ಇದೆ. ನಾನು ಕೊಕ್ಕೆಗೆ ದಾರ ಹಚ್ಚುವಾಗ ಹುರಿ ಬಿಚ್ಚುತ್ತೇನೆ, ಮೈ ಸುತ್ತುವಾಗ ಹುರಿ ಏರಿಸುತ್ತೇನೆ, ಗರಿ ಕಟ್ಟುವಾಗ ಮತ್ತೆ ಚಪ್ಪಟೆ ಮಾಡಿಕೊಳ್ಳುತ್ತೇನೆ.

ಮೇಣವೂ ಬಣ್ಣ ಬದಲಿಸುತ್ತದೆ. 1854ರಲ್ಲಿ ಡರಮ್‌ನ ಪಾದ್ರಿ ವಿಲಿಯಂ ಗ್ರೀನ್‌ವೆಲ್ ಟ್ವೀಡ್ ನದಿಯಲ್ಲಿ ಕಂಡ ಒಂದು ಹುಳವನ್ನು ಸ್ಪ್ರೌಸ್ಟನ್ ಊರಿನ ಜೇಮ್ಸ್ ರೈಟ್ ಎಂಬ ಕುಶಲಿಗ ಕಟ್ಟಿಕೊಟ್ಟ. ಗ್ರೀನ್‌ವೆಲ್ಸ್ ಗ್ಲೋರಿ ಎಂದು ಹೆಸರಾದ ಆ ಫ್ಲೈನ ಗುಟ್ಟೆಲ್ಲ ಇರುವುದು ಹಳದಿ ರೇಷ್ಮೆಗೆ ಚಮ್ಮಾರರ ಕಪ್ಪು ಮೇಣ ತಿಕ್ಕುವುದರಲ್ಲಿ. ಹಳದಿ ಹೋಗಿ ಪಾಚಿ ಬಣ್ಣ ಬರುತ್ತದೆ. ಎಷ್ಟು ತಿಕ್ಕಿದರೆ ಅಷ್ಟು ಗಾಢ. ಹಾಗಾಗಿ ಒಂದೇ ಲಡಿಯಿಂದ ಇಡೀ ಋತುವಿನ ಹುಳಗಳ ಬಣ್ಣ ತೆಗೆಯಬಹುದು.

ಇಲ್ಲಿಯವರು ತಲೆಮಾರುಗಳಿಂದ ನಂಬಿದ್ದು ಪಿಯರ್ಸಾಲ್ಸ್ ಕಂಪನಿಯ ಗಾಸಮರ್ ರೇಷ್ಮೆಯನ್ನು. ಅದರ ತಯಾರಿಕೆ ನಿಂತ ಮೇಲೆ ಹಳೆಯ ರೀಲುಗಳಿಗೆ ಜನ ಮುಗಿಬೀಳುತ್ತಾರೆ. ಒಳ್ಳೆಯ ರೇಷ್ಮೆ ನಿಜ, ಆದರೆ ಅಷ್ಟು ದುಡ್ಡು ಸುರಿಯುವ ಅಗತ್ಯ ನನಗೆ ಕಂಡಿಲ್ಲ. ನನ್ನ ತಮ್ಮ ಊರಿನಿಂದ ಕಳಿಸುವ ಸೀರೆ ರೇಷ್ಮೆಯ ಲಡಿಯಲ್ಲೇ ನಾನು ಕಟ್ಟುತ್ತೇನೆ. ಗೋಂದು ತೆಗೆದ, ಸಣ್ಣ ಎಳೆಯ ರೇಷ್ಮೆಯಾಗಿದ್ದರೆ ಸಾಕು. ಒದ್ದೆಯಾದಾಗ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡಿಕೊಂಡು ಒಂದು ಛಾಯೆ ತಿಳಿಯಾದದ್ದನ್ನು ತರಿಸುತ್ತೇನೆ. ವಾರ್ಫ್‌ನ ಟ್ರೌಟ್‌ಗಳು ಅದನ್ನು ಒಪ್ಪಿಕೊಂಡಿವೆ.

ಇನ್ನು ಗರಿ. ಹೊಸಬರು ದುಡ್ಡು ಕಳೆದುಕೊಳ್ಳುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೋಳಿಯ ಕುತ್ತಿಗೆಯ ಗರಿಗೆ ಹ್ಯಾಕಲ್ ಎನ್ನುತ್ತಾರೆ. ಹುಂಜದ ಹ್ಯಾಕಲ್ ಸಣ್ಣ, ಗಡಸು, ಹೊಳಪು. ಹೇಂಟೆಯದು ಅಗಲ, ಮೆತ್ತಗೆ. ಗರಿಯ ದಂಟಿನ ಎರಡೂ ಬದಿಗೆ ಇರುವ ಎಳೆಗಳು ಬುಡದ ಹತ್ತಿರ ಒಂದಕ್ಕೊಂದು ಕೂಡಿಕೊಂಡು ಮಸುಕಾಗಿ ಕಾಣುತ್ತವೆ. ಆ ಮಸುಕು ಭಾಗ ನೀರು ಹೀರುತ್ತದೆ. ನೀರಿನ ಮೇಲೆ ತೇಲಬೇಕಾದ ಒಣ ಫ್ಲೈಗೆ ಮಸುಕು ಆದಷ್ಟೂ ಕಡಿಮೆಯಿರುವ ಹುಂಜದ ಗರಿ ಬೇಕು. ಕೊಕ್ಕೆಗೆ ಸುತ್ತಿದಾಗ ಅದರ ಎಳೆಗಳು ಚಕ್ರದ ಕಡ್ಡಿಗಳ ಹಾಗೆ ಹರಡಿ, ತುದಿಗಳನ್ನು ನೀರಿನ ಮೇಲ್ಪೊರೆಯ ಮೇಲೆ ಊರಿ ನಿಲ್ಲುತ್ತವೆ. ಮುಳುಗಿ ಹರಿಯಬೇಕಾದ ಫ್ಲೈಗೆ ಹೇಂಟೆಯ ಗರಿಯೇ ಸರಿ, ಅಲ್ಲಿ ಹುಂಜದ ಗರಿ ಕಟ್ಟಿದರೆ ನೀರಿನಲ್ಲಿ ಕಡ್ಡಿಯಂತೆ ಸೆಟೆದು ನಿಂತು ಸತ್ತ ವಸ್ತುವಾಗಿಬಿಡುತ್ತದೆ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಹೀಗೆ. ಗರಿಗಳನ್ನು ಚರ್ಮದ ಸಮೇತ ಮಾರುತ್ತಾರೆ. ಚರ್ಮವನ್ನು ನಿಧಾನವಾಗಿ ಬಗ್ಗಿಸಿದರೆ ಗರಿಗಳು ಏಳುತ್ತವೆ. ನಿಮ್ಮ ಕೊಕ್ಕೆಗೆ ತಕ್ಕ ಅಳತೆಯ ಒಂದನ್ನು ಹಿಡಿದು, ಎಳೆಗಳನ್ನು ಬುಡದ ಕಡೆಗೆ ಸವರಿ, ಅಡ್ಡಕ್ಕೆ ನಿಂತ ಆ ತುದಿಗಳನ್ನು ಕೆಳತುಟಿಗೆ ಮೆಲ್ಲಗೆ ಒತ್ತಿ. ಚುಚ್ಚಿದ ಹಾಗಾದರೆ ಒಣ ಫ್ಲೈಗೆ ಆಗುತ್ತದೆ. ಬೆರಳಿಗೆ ತಿಳಿಯದ್ದು ತುಟಿಗೆ ತಿಳಿಯುತ್ತದೆ. ಎಳೆಯ ಉದ್ದ ಕೊಕ್ಕೆಯ ಬಾಯಿಯ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಆಮೇಲೆ ದಂಟನ್ನು ಬಗ್ಗಿಸಿ ನೋಡಿ. ಸುಲಭವಾಗಿ ಬಾಗದ ದಂಟು ಸುತ್ತುವಾಗ ತಿರುಚಿಕೊಂಡು ಸತಾಯಿಸುತ್ತದೆ.

ಹಿಂದೆ ಈ ಹುಂಜದ ಚರ್ಮಗಳು ಭಾರತದಿಂದ, ಚೀನಾದಿಂದ ಬರುತ್ತಿದ್ದವು. ಭಾರತದ ನಾಟಿ ಹುಂಜದ ಗರಿ ಇವತ್ತಿಗೂ ಇಲ್ಲಿನ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಚಿಕ್ಕದು, ಆದರೆ ಬಣ್ಣಗಳು ಬಹಳ ಚೆಂದ. ನಡುವೆ ಕಪ್ಪು ಗೆರೆಯಿರುವ ಇಟ್ಟಿಗೆ ಕೆಂಪು, ಶುಂಠಿ ಬಣ್ಣ, ಬೆಳ್ಳಿ ಅಂಚು. ಮುಳುಗುವ ಫ್ಲೈಗಳಿಗೆ ಇದಕ್ಕಿಂತ ಹೆಚ್ಚಿನದನ್ನು ಹುಡುಕಬೇಕಾಗಿಲ್ಲ. ಅಮೆರಿಕದಲ್ಲಿ ಹ್ಯಾರಿ ಡಾರ್ಬಿಯಂಥವರು ಗರಿಗಾಗಿಯೇ ಹುಂಜಗಳನ್ನು ಆರಿಸಿ ತಳಿ ಬೆಳೆಸಿದರು. 1970ರ ದಶಕದಿಂದ ಅದು ದೊಡ್ಡ ಉದ್ಯಮವಾಯಿತು. ಈಗ ಕೊಲೊರಾಡೊದ ವೈಟಿಂಗ್ ಫಾರ್ಮ್ಸ್‌ನ ಹುಂಜದ ಬೆನ್ನಿನ ಒಂದೊಂದು ಗರಿಯೂ ಗೇಣುದ್ದ ದಾಟುತ್ತದೆ, ಬುಡದಿಂದ ತುದಿಯವರೆಗೆ ಎಳೆಯ ಉದ್ದ ಒಂದೇ ಸಮ. ಒಂದೇ ಗರಿಯಲ್ಲಿ ಹಲವು ಫ್ಲೈ ಕಟ್ಟಬಹುದು. 2011ರಲ್ಲಿ ಅಮೆರಿಕದ ಹೆಂಗಳೆಯರಲ್ಲಿ ಇದೇ ಗರಿಗಳನ್ನು ಕೂದಲಿಗೆ ಸಿಕ್ಕಿಸಿಕೊಳ್ಳುವ ಫ್ಯಾಷನ್ ಎದ್ದು, ಗಾಳದ ಅಂಗಡಿಗಳು ಖಾಲಿಯಾಗಿ, ಬೆಲೆ ಹಲವು ಪಟ್ಟು ಏರಿತ್ತು. ಹೊಸಬರಿಗೆ ನನ್ನ ಸಲಹೆ: ಒಣ ಫ್ಲೈಗಾಗಿ ಒಳ್ಳೆಯ ತಳಿಯ ಅರ್ಧ ಚರ್ಮ ಕಂದು ಬಣ್ಣದ್ದು ಒಂದು, ಬೂದು ಬಣ್ಣದ್ದು ಒಂದು ಕೊಳ್ಳಿ. ಉಳಿದುದಕ್ಕೆಲ್ಲ ನಾಟಿ ಗರಿ ಸಾಕು.

ತೇಲಿಸಲು ಇನ್ನೆರಡು ದಾರಿಗಳಿವೆ. ಬಾತುಕೋಳಿಯ ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಯ ಸುತ್ತ ಹತ್ತಿಯಂಥ ಪುಟ್ಟ ಗರಿಗಳಿರುತ್ತವೆ, ಅವುಗಳ ಕವಲುಗಳು ಗಾಳಿಯ ಗುಳ್ಳೆ ಹಿಡಿದಿಟ್ಟುಕೊಂಡು ತೇಲುತ್ತವೆ. ಅವಕ್ಕೆ ಜಿಡ್ಡು ಸವರಿದರೆ ಕವಲುಗಳು ಅಂಟಿಕೊಂಡು ಮುಳುಗಿಹೋಗುತ್ತವೆ. ಜಿಂಕೆ ಜಾತಿಯ ಮೈಗೂದಲು ಒಳಗೆ ಸೂಕ್ಷ್ಮ ಕೋಶಗಳಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ದಾರ ಬಿಗಿದರೆ ಹೂವಿನಂತೆ ಅರಳುತ್ತದೆ. ಅಲ್ ಟ್ರಾತ್ ಎಂಬಾತ 1957ರಲ್ಲಿ ಎಲ್ಕ್ ಎಂಬ ಭಾರಿ ಜಿಂಕೆಯ ಕೂದಲಿನಿಂದ ಕಟ್ಟಿದ, ಕ್ಯಾಡಿಸ್ ಎಂಬ ಜಲಕೀಟವನ್ನು ಹೋಲುವ ಫ್ಲೈ ಇಂದು ಜಗತ್ತಿನ ಎಲ್ಲ ಟ್ರೌಟ್ ಹೊಳೆಗಳಲ್ಲೂ ಇದೆ.

ತುಪ್ಪಳದ ಕತೆಗಳಂತೂ ಒಂದಕ್ಕಿಂತ ಒಂದು ವಿಚಿತ್ರ. ಡೆವನ್‌ನ ಟಿವರ್ಟನ್ ಊರಿನ ಆರ್. ಎಸ್. ಆಸ್ಟಿನ್ 1900ರ ಸುಮಾರಿಗೆ ಒಂದು ಫ್ಲೈ ಕಟ್ಟಿದ. ಬಿಸಿಲಿಗೆ ಹಿಡಿದರೆ ಅದರ ಮೈ ಒಳಗಿನಿಂದಲೇ ಬೆಳಗಿದ ಹಾಗೆ ಕಾಣುತ್ತಿತ್ತು. ಜಿ. ಇ. ಎಂ. ಸ್ಕ್ಯೂಸ್ ಎಂಬ ದೊಡ್ಡ ಗಾಳಗಾರ ಅದಕ್ಕೆ ಟಪ್ಸ್ ಇಂಡಿಸ್ಪೆನ್ಸಬಲ್ ಎಂದು ಹೆಸರಿಟ್ಟ. ಅದರಲ್ಲಿದ್ದ ತುಪ್ಪಳ ಟಗರಿನ ಬೀಜಚೀಲದ ಮೇಲಿನ ಉಣ್ಣೆ! ಜಿಡ್ಡಿನಿಂದ ಕೂಡಿದ, ಬಣ್ಣದ ಛಾಯೆ ಹಿಡಿದ ಆ ಉಣ್ಣೆಗೆ ಬೇರೆ ತುಪ್ಪಳಗಳನ್ನು ಬೆರೆಸುತ್ತಿದ್ದ. ಆಸ್ಟಿನ್ 1911ರಲ್ಲಿ ತೀರಿಕೊಂಡ ಮೇಲೆ ಅವನ ಮಗಳು ಆ ಫ್ಲೈ ಕಟ್ಟಿ ಮಾರುತ್ತಿದ್ದಳು. ಅವಳ ಜೀವನೋಪಾಯಕ್ಕೆ ಕುತ್ತು ಬಾರದಿರಲೆಂದು ಗುಟ್ಟು ತಿಳಿದವರು ವರ್ಷಗಟ್ಟಲೆ ಬಾಯಿ ಬಿಡಲಿಲ್ಲ, 1934ರಲ್ಲಷ್ಟೇ ಅದು ಬಯಲಾಯಿತು. ಗಾಳ ಹಾಕುವವರ ಈ ದೊಡ್ಡತನ ನನಗೆ ಬಹಳ ಇಷ್ಟ. ಇಂದು ಮೊಲದ ಮುಖದ ಚರ್ಮವೊಂದಿದ್ದರೆ ಅಂಥ ಹತ್ತಾರು ಮಿಶ್ರಣಗಳನ್ನು ಮನೆಯಲ್ಲೇ ಮಾಡಬಹುದು. ಕಿವಿಯ ಮೇಲಿನದು ಗಿಡ್ಡ ಮುಳ್ಳುಗೂದಲು, ಕೆನ್ನೆಯದು ಮೆತ್ತಗೆ ಮತ್ತು ತಿಳಿ. ಎರಡನ್ನೂ ಕೈಯಲ್ಲಿ ಹಿಂಜಿ ಬೆರೆಸಿ, ಮೇಣ ಹಚ್ಚಿದ ದಾರಕ್ಕೆ ಹೊಸೆದರೆ ಆಯಿತು.

ಸಾಮಗ್ರಿ ಆರಿಸುವ ವಿಷಯದಲ್ಲಿ ನಾನು ಗುರುವೆಂದು ಭಾವಿಸುವುದು ಫ್ರಾಂಕ್ ಸಾಯರ್ ಅವರನ್ನು. ವಿಲ್ಟ್‌ಶೈರಿನ ಏವನ್ ನದಿಯ ಕಾವಲುಗಾರರಾಗಿದ್ದರು. ದಿನವಿಡೀ ಹೊಳೆಯ ಪಕ್ಕದಲ್ಲೇ ಇದ್ದು, ನೀರಿನೊಳಗೆ ಈಜುವ, ನಿಂಫ್ ಎಂದು ಕರೆಯುವ ಮರಿಹುಳಗಳನ್ನು ನೋಡಿದವರು. ಅವು ಈಜುವಾಗ ಕಾಲುಗಳನ್ನು ಮೈಗೆ ಅಂಟಿಸಿಕೊಂಡಿರುತ್ತವೆ ಎಂಬುದನ್ನು ಗಮನಿಸಿ, ತಮ್ಮ ಫ್ಲೈನಿಂದ ಕಾಲನ್ನೇ ಕೈಬಿಟ್ಟರು. ಅವರ ಫೆಸೆಂಟ್ ಟೇಲ್ ನಿಂಫ್‌ನಲ್ಲಿರುವುದು ಎರಡೇ ವಸ್ತು, ಫೆಸೆಂಟ್ ಹುಂಜದ ಬಾಲದ ಕೆಲವು ಎಳೆಗಳು ಮತ್ತು ಕೆಂಪು ಬಣ್ಣದ ಸಣ್ಣ ತಾಮ್ರದ ತಂತಿ. ದಾರವೂ ಇಲ್ಲ. ಕಟ್ಟುವುದು ತಂತಿಯಿಂದಲೇ, ತೂಕ ಬರುವುದೂ ತಂತಿಯಿಂದಲೇ, ಗರಿಯ ಎಳೆಗಳ ನಡುವೆ ಇಣುಕಿ ಬಣ್ಣ ಕೊಡುವುದೂ ಅದೇ ತಂತಿ. 1958ರಲ್ಲಿ ಅವರು ನಿಂಫ್‌ಗಳ ಬಗ್ಗೆ ಪುಸ್ತಕ ಬರೆದರು. ಅದಾದ ಮೇಲೆ ಎಷ್ಟೋ ಸಾಮಗ್ರಿಗಳು ಬಂದು ಹೋದವು, ಇದಕ್ಕೆ ಸರಿಸಾಟಿಯಾದದ್ದನ್ನು ನಾನಂತೂ ಕಂಡಿಲ್ಲ.

ಅವರದೇ ಇನ್ನೊಂದು ಫ್ಲೈ ಕಿಲ್ಲರ್ ಬಗ್. ಅದಕ್ಕೆ ಬಳಸಿದ್ದು ಕಾಲುಚೀಲದ ತೂತು ಹೊಲಿಯಲು ಮನೆಮನೆಯಲ್ಲಿದ್ದ ಚಾಡ್ವಿಕ್ಸ್ 477 ಎಂಬ ಉಣ್ಣೆ ದಾರ. ಒಣಗಿದ್ದಾಗ ಸಪ್ಪೆ ಬೂದು. ನೀರಿಗೆ ಬಿದ್ದರೆ ಎಳೆ ಗುಲಾಬಿ ಕಳೆ ಬಂದು ಸಿಗಡಿಯ ಮೈಯಂತಾಗುತ್ತದೆ. ಆ ದಾರದ ತಯಾರಿಕೆ ನಿಂತುಹೋಗಿ ದಶಕಗಳಾದವು. ಈಗ ಅದರ ಒಂದು ಕಾರ್ಡ್ ಸಿಕ್ಕಿದರೆ ಬಂಗಾರ ಕೊಂಡಂತೆ ಕೊಳ್ಳುವವರಿದ್ದಾರೆ. ಸಾಯರ್ ಅದನ್ನು ಆರಿಸಿದ್ದು ಮನೆಯ ಹೊಲಿಗೆ ಬುಟ್ಟಿಯಲ್ಲಿ ಇದ್ದುದರಿಂದ, ಮತ್ತು ಒದ್ದೆಯಾದಾಗ ಅದಕ್ಕೆ ಬರುವ ಬಣ್ಣವನ್ನು ಗುರುತಿಸಿದ್ದರಿಂದ. ಆ ಬಣ್ಣಕ್ಕೆ ತಿರುಗುವ ಯಾವ ಉಣ್ಣೆಯಾದರೂ ನಡೆಯುತ್ತದೆ. ನಮ್ಮ ಬ್ರಾಡ್‌ಫರ್ಡಿನ ಚಿಲ್ಲರೆ ಉಣ್ಣೆಯಂಗಡಿಗಳಲ್ಲೇ ಅಂಥದ್ದನ್ನು ನಾನು ಕಂಡಿದ್ದೇನೆ.

ಕೃತಕ ನೂಲುಗಳನ್ನು ಕೀಳಾಗಿ ಕಾಣುವವರ ಜೊತೆ ನನಗೆ ಸಹಮತವಿಲ್ಲ. ಗ್ಯಾರಿ ಲಾಫಾಂಟೇನ್ ಎಂಬಾತ ಮೊಂಟಾನಾದ ನದಿಗಳಲ್ಲಿ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ, ಕ್ಯಾಡಿಸ್ ಹುಳ ತನ್ನ ಪೊರೆಯೊಳಗೆ ಗಾಳಿ ತುಂಬಿಕೊಂಡು ಬೆಳ್ಳಿಯಂತೆ ಮಿನುಗುತ್ತ ಮೇಲೇರುವುದನ್ನು ಕಂಡ. ಆ ಮಿನುಗು ಯಾವ ತುಪ್ಪಳಕ್ಕೂ ಬರಲಿಲ್ಲ. ಕೊನೆಗೆ ಅವನಿಗೆ ಒದಗಿದ್ದು ಕಾರ್ಪೆಟ್ ನೇಯಲು ಬಳಸುವ ಆಂಟ್ರಾನ್ ನೂಲು. ಅದರ ಎಳೆಯೂ ಮೂರು ಮೂಲೆಯದು, ಗಾಳಿಗುಳ್ಳೆಗಳನ್ನು ಅಂಟಿಸಿಕೊಳ್ಳುತ್ತದೆ. 1981ರಲ್ಲಿ ಬಂದ ಅವನ ಕ್ಯಾಡಿಸ್ ಪುಸ್ತಕ ಈ ನೂಲನ್ನು ಗಾಳದ ಅಂಗಡಿಗಳಿಗೆ ತಂದಿತು. ಸೀಸದ ವಿಷಯವೂ ಹಾಗೆಯೇ. ಗಾಳದವರು ಬಿಟ್ಟುಹೋದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲಿ ಅವುಗಳ ಮಾರಾಟ ನಿಲ್ಲಿಸಿತು. ಫ್ಲೈ ಮುಳುಗಿಸುವ ಮಣಿಗಳಿಗೆ ಇಂದು ಬಳಸುವ ಟಂಗ್‌ಸ್ಟನ್ ಲೋಹ ಒಂದು ಘನ ಸೆಂಟಿಮೀಟರಿಗೆ 19 ಗ್ರಾಂಗೂ ಹೆಚ್ಚು ತೂಗುತ್ತದೆ. ಸೀಸ ತೂಗುವುದು 11 ಗ್ರಾಂ ಚಿಲ್ಲರೆ. ಹಂಸಕ್ಕೂ ಒಳ್ಳೆಯದು, ಗಾಳಕ್ಕೂ ಒಳ್ಳೆಯದು.

ನಮ್ಮ ನಾಡಿನಲ್ಲೂ ಫ್ಲೈ ಕಟ್ಟುವವರಿದ್ದಾರೆ. ಗಾಳದ ವಿದ್ಯೆಯ ಮೇಲೆ ಹೆಸರಾಂತ ಪುಸ್ತಕವೊಂದು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರಿಂದ ಬಂದದ್ದು 1873ರಲ್ಲಿ, ಮಂಗಳೂರಿನಲ್ಲಿ. ಮಹಶೀರ್‌ಗೆ ಕಟ್ಟುವ ಫ್ಲೈ ದೊಡ್ಡದು, ಮರಿಮೀನಿನ ಆಕಾರದ್ದು. ಮಹಶೀರ್‌ನ ಗಂಟಲಲ್ಲಿರುವ ಹಲ್ಲುಗಳು ಸಾಧಾರಣ ಕೊಕ್ಕೆಯನ್ನು ನುಚ್ಚುಮಾಡಬಲ್ಲವು, ಅದಕ್ಕೆ ದಪ್ಪ ತಂತಿಯ ಕೊಕ್ಕೆ ಬೇಕು. ಕೊಕ್ಕೆಗೆ ಹಿಮ್ಮುಳ್ಳು ಇರಬಾರದು, ಏಕೆಂದರೆ ಮೀನನ್ನು ಗಾಯವಿಲ್ಲದೆ ಹೊಳೆಗೆ ಬಿಡಬೇಕು. ಕಾವೇರಿಯ ಬೆನ್ನುಗೂನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಅಮೆರಿಕದವರು ಇಂಥ ಫ್ಲೈಗೆ ಜಿಂಕೆಯ ಬಾಲದ ಕೂದಲು ಕಟ್ಟುತ್ತಾರೆಂದು ನಮ್ಮ ಕಾಡಿನ ಚುಕ್ಕೆ ಜಿಂಕೆಗೋ ಕಡವೆಗೋ ಕೈ ಹಾಕುವಂತಿಲ್ಲ, ಅದು ಅಪರಾಧ. ಮೇಕೆಯ ಉದ್ದ ಕೂದಲು ಅದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ, ನೀರಿನಲ್ಲಿ ಬಳುಕುವುದಂತೂ ಇನ್ನೂ ಚೆನ್ನ. ಊರಿಗೆ ಬಂದಾಗ ಮಾಂಸದಂಗಡಿಯಿಂದ ನಾಟಿ ಹುಂಜದ ಕುತ್ತಿಗೆ, ಬಾತಿನ ಗರಿ, ಮೇಕೆಯ ಕೂದಲು ತಂದು ತೊಳೆದು ಒಣಗಿಸಿ ಗೆಳೆಯರಿಗೆ ಕೊಟ್ಟಿದ್ದೇನೆ. ಗರಿಗೆ ಹುಳ ಹಿಡಿಯದಂತೆ ಒಂದೆರಡು ವಾರ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕಬೇಕು.

ಈಗ ಕಾಡುಕೋಳಿಯ ಮಾತು. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ನನ್ನ ಹೆಂಡತಿಯ ತವರು ಕೊಪ್ಪದ ಕಡೆ. ಬೆಳಗಿನ ಜಾವ ತೋಟದಂಚಿನಲ್ಲಿ ಬೂದು ಕಾಡುಕೋಳಿಯ ಕೂಗು ಕೇಳದ ದಿನವಿಲ್ಲ. ಇದು ನಮ್ಮ ಪರ್ಯಾಯ ದ್ವೀಪದಲ್ಲಷ್ಟೇ ಇರುವ ಹಕ್ಕಿ. ಸಾಕುಕೋಳಿಯ ಹಳದಿ ಚರ್ಮದ ಗುಣ ಬಂದದ್ದು ಇದರಿಂದಲೇ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಇದರ ಹುಂಜದ ಕೊರಳಿನ ಗರಿಯ ತುದಿಯಲ್ಲಿ ಎಳೆಗಳೆಲ್ಲ ಬೆಸೆದುಕೊಂಡು, ಮೇಣ ಹನಿಸಿದ ಹಾಗೆ ಬಿಳಿ ಮತ್ತು ಹಳದಿ ಬೊಟ್ಟುಗಳಾಗಿರುತ್ತವೆ.  ಫ್ಲೈನ ಎರಡು ಕೆನ್ನೆಗೆ ಕಟ್ಟಿದರೆ ಮೀನಿನ ಕಣ್ಣಿನಂತೆ ಹೊಳೆಯುತ್ತದೆ, ಒದ್ದೆಯಾದರೂ ಮಂಕಾಗುವುದಿಲ್ಲ. ಹಾಗಾಗಿ ವಿಕ್ಟೋರಿಯಾ ರಾಣಿಯ ಕಾಲದ ಸಾಲ್ಮನ್ ಫ್ಲೈಗಳಲ್ಲಿ ಇದು ಎಲ್ಲೆಲ್ಲೂ ಇದೆ. ಜಾರ್ಜ್ ಕೆಲ್ಸನ್ 1895ರ ತನ್ನ ಗ್ರಂಥದಲ್ಲಿ ವಿವರಿಸಿದ ಫ್ಲೈಗಳಿಗೆ ದಕ್ಷಿಣ ಅಮೆರಿಕದ ಟೂಕನ್, ಮಕಾವ್ ಗಿಳಿ, ನೀಲಿ ಕೊಟಿಂಗಾ ಹಕ್ಕಿಗಳ ಜೊತೆಗೆ ನಮ್ಮ ಘಟ್ಟದ ಕಾಡುಕೋಳಿಯೂ ಬೇಕಿತ್ತು. ಹಡಗಿನಲ್ಲಿ ಚರ್ಮಗಳು ಹೋದವು. 1960ರ ದಶಕದ ಕೊನೆಯಲ್ಲಿ ರಫ್ತಿಗೆ ತಡೆ ಬಿತ್ತು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಬಂತು. ಇಂದು ಬ್ರಿಟನ್ನಿನಲ್ಲಿ ಸಾಕಿ ಬೆಳೆಸಿದ ಕಾಡುಕೋಳಿಯ ಗರಿ ಕಾನೂನುಬದ್ಧವಾಗಿ ಸಿಗುತ್ತದೆ. ಒಂದು ಒಳ್ಳೆಯ ಕುತ್ತಿಗೆ ಚರ್ಮಕ್ಕೆ ನೂರು ಪೌಂಡಿನ ಮೇಲೆ.

ಸಮುದ್ರದಿಂದ ಮೊಟ್ಟೆಯಿಡಲು ನದಿಗೆ ಮರಳುವ ಸಾಲ್ಮನ್ ಹೊಟ್ಟೆಗೆ ಏನನ್ನೂ ತಿನ್ನುವುದಿಲ್ಲ. ಅದು ಫ್ಲೈಯನ್ನು ಕಚ್ಚುವುದು ಹಸಿವಿಗಲ್ಲ. ಹೀಗಿರುವಾಗ ಐದಾರು ದೇಶಗಳ ಹಕ್ಕಿಗಳ ಗರಿ ಬೇಕೆನ್ನುವುದು ಕಟ್ಟುವವರ ಮೋಹವೇ ಹೊರತು ಮೀನಿನ ಬೇಡಿಕೆಯಲ್ಲ. ಆ ಮೋಹ ಎಲ್ಲಿಗೆ ಮುಟ್ಟಿತು ನೋಡಿ. 2009ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಸಂಗೀತ ಕಲಿಯುತ್ತಿದ್ದ ಅಮೆರಿಕದ ಒಬ್ಬ ಯುವ ಕೊಳಲುವಾದಕ ಟ್ರಿಂಗ್ ಊರಿನ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಕಿಟಕಿ ಒಡೆದು ನುಗ್ಗಿ, 299 ಹಕ್ಕಿಗಳ ಚರ್ಮ ಕದ್ದ. ಅವುಗಳಲ್ಲಿ ಕೆಲವು ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದವು. ಗರಿಗಳು ಫ್ಲೈ ಕಟ್ಟುವವರಿಗೆ ಮಾರಾಟವಾದವು. ಎಲ್ಲಿ ಯಾವಾಗ ಸಿಕ್ಕಿದ ಹಕ್ಕಿ ಎಂದು ಬರೆದ ಚೀಟಿಗಳು ಹರಿದುಹೋದ ಮೇಲೆ, ಮರಳಿ ಸಿಕ್ಕಿದ ಹಲವು ಚರ್ಮಗಳೂ ವಿಜ್ಞಾನಕ್ಕೆ ನಿರುಪಯುಕ್ತವಾದವು. 2011ರಲ್ಲಿ ಅವನಿಗೆ ಸಿಕ್ಕಿದ್ದು ಅಮಾನತಿನಲ್ಲಿಟ್ಟ ಶಿಕ್ಷೆ ಮಾತ್ರ. ಕರ್ಕ್ ವಾಲೇಸ್ ಜಾನ್ಸನ್ 2018ರಲ್ಲಿ ಈ ಕಳ್ಳತನದ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಫ್ಲೈ ಕಟ್ಟುವ ಪ್ರತಿಯೊಬ್ಬರೂ ಓದಬೇಕಾದದ್ದು ಅದು.

ಕಾಡುಕೋಳಿಯ ಬೊಟ್ಟಿನ ಬದಲಿಗೆ ನಾನು ಹೇಂಟೆಯ ಬಿಳಿ ಗರಿಯ ತುದಿಯನ್ನು ಕತ್ತರಿಸಿ, ಬಣ್ಣದ ಚುಕ್ಕೆ ಇಟ್ಟು, ಉಗುರಿಗೆ ಹಚ್ಚುವ ಪಾರದರ್ಶಕ ಪಾಲಿಶ್ ಸವರುತ್ತೇನೆ. ಲೋಟದಲ್ಲಿ ಅಸಲಿಗೂ ಇದಕ್ಕೂ ವ್ಯತ್ಯಾಸ ಕಾಣುತ್ತದೆ, ಹೊಳೆಯಲ್ಲಿ ಕಂಡಿಲ್ಲ.

ಮಲೆನಾಡು, ಕೊಡಗಿನ ತೋಟಗಳಲ್ಲಿರುವ ಓದುಗರಲ್ಲಿ ಒಂದು ಕೋರಿಕೆ. ಪಟ್ಟಣದಿಂದಲೋ ಪರದೇಶದಿಂದಲೋ ಬಂದವರು ಕಾಡುಕೋಳಿಯ ಕುತ್ತಿಗೆ ಚರ್ಮ ಒಣಗಿಸಿ ಕೊಡಿ, ಒಳ್ಳೆಯ ಬೆಲೆ ಕೊಡುತ್ತೇವೆ ಎಂದು ಕೇಳಿದರೆ ಕೊಡಬೇಡಿ. ಗಾಳಕ್ಕೆ ಬೇಕಾದರೆ ನಿಮ್ಮ ಹಟ್ಟಿಯ ಹುಂಜದ ಗರಿ ಕೊಡಿ, ಅದು ಸಾಲದೆಂದು ಅವರು ಒತ್ತಾಯಿಸಿದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.